ಸೊಪ್ಪು ಕಿತ್ತೇ ಲೆವೆಲ್ ಏರಿದ ನಮ್ಮತ್ತೆ

ನೀವು ನಂಬಲ್ಲ. ನಂಗೊತ್ತು, ನಂಬೋದೇ ಇಲ್ಲ. ನಮ್ ಕ್ಲಾಸಲ್ಲೂ ಒಬ್ರೂ ನಂಬಲಿಲ್ಲ. "ಸಾಕು ನಿಲ್ಸೇ ಬುರುಡೆ" ಅಂದ್ರು. ಆದ್ರೂ ಹೇಳ್ತೀನಿ. ಚನ್ನರಾಯಪಟ್ಟಣ ಹೋಬಳಿಗೆಲ್ಲ, ಬೇಕಾದ್ರೆ ದೇವನಹಳ್ಳಿ ತಾಲ್ಲೂಕಿಗೇ ಅನ್ಕೊಳಿ, ಎಲ್ಲರಿಗಿಂತ ದೊಡ್ಡ ಲೆವೆಲ್ಲಿನ ವೀರವನಿತೆ ನಮ್ಮನೇಲಿದಾಳೆ. ನಮ್ಮತ್ತೆ. ಅಪ್ಪನ ಅಕ್ಕ. ಮಂಡಿ ನೋವು, ದಪ್ಪ ಕನ್ನಡಕ, ಬೆರಳೆಲ್ಲ ರೇಷ್ಮೆ ಸೊಪ್ಪಿನ ಕರೆ. ಮಾಟಗಾರರು, ಡ್ರ್ಯಾಗನ್ನುಗಳು, ಎದ್ದು ಓಡಾಡೋ ಅಸ್ಥಿಪಂಜರಗಳು ತುಂಬಿರೋ ಕಂಪ್ಯೂಟರ್ ಆಟದಲ್ಲಿ, ನಾನು ಕನಸಲ್ಲೂ ಮುಟ್ಟದ ಲೆವೆಲ್ ಮುಟ್ಟಿದಾಳೆ. ಮತ್ತೆ ಅದೇ ಲೆವೆಲ್ಲಲ್ಲಿ, ಹಾಡಹಗಲೇ, ಒಂದು ಕೋಳಿ ಕೈಲಿ ಸತ್ತಿದಾಳೆ!

ಕೋಳಿಗೆ ಕೈ ಎಲ್ಲಿರುತ್ತೆ ಅಂತ ಕೇಳ್ಬೇಡಿ. ಕಥೆ ಕೇಳಿ.

ಅಪ್ಪ ನನ್ನ ಪಿಯುಸಿ ಓದಿಗೆ ಅಂತ ಕಂಪ್ಯೂಟರ್ ತಂದು ಹುಳದ ಮನೆ ಪಕ್ಕದ ಸಣ್ಣ ರೂಮಲ್ಲಿಟ್ಟ. ಹುಳದ ಮನೆ ಅಂದ್ರೆ ನಾವು ರೇಷ್ಮೆ ಹುಳ ಸಾಕೋ ಜಾಗ. ಅಲ್ಲಿ ತಂಪಾಗಿರುತ್ತೆ, ಮಿಷನ್ ಬಿಸಿಯಾಗಲ್ಲ ಅಂತ ಅಪ್ಪನ ಲೆಕ್ಕಾಚಾರ. ಹುಳಕ್ಕೆ ತಂಪು, ಕಂಪ್ಯೂಟರ್‌ಗೆ ತಂಪು, ನಂಗೆ ಸೊಳ್ಳೆ. ಇರ್ಲಿ. ಒಂದಿನ ಸಾಯಂಕಾಲ ನಾನು ಘನಘೋರವಾಗಿ ಓದ್ತಾ ಇದ್ದಾಗ (ನಗ್ಬೇಡಿ) ಅತ್ತೆ ಸೊಪ್ಪಿನ ಮಂಕರಿ ಹೊತ್ಕೊಂಡು ಬಾಗಿಲಲ್ಲಿ ನಿಂತ್ಲು. ಅದೇ ಹೊತ್ತಿಗೆ ನನ್ನ ಓದು ಜೋರಾಗಿ ಕೆನೀತು.

"ಯಾರ್ದೇ ಕುದುರೆ?"

"ನಂದೇ ಅತ್ತೆ."

"ಹುಲ್ಲು ಹಾಕಿದ್ಯಾ?"

"ಅದಕ್ಕೆ ಹಸಿವಾಗಲ್ಲ ಅತ್ತೆ. ಆಟ ಇದು."

"ಹಸಿವೇ ಆಗಲ್ವಾ!" ಅಂತ ಮಂಕರಿ ಇಳಿಸಿದ್ಲು. "ಸಾಕಿದ್ರೆ ಇಂಥದ್ದನ್ನ ಸಾಕ್ಬೇಕು. ಜರುಗು ಆಕಡೆ."

ಅಷ್ಟೇ. ಅವತ್ತು ಜರುಗಿದವಳು ನಾನು ಇವತ್ತಿಗೂ ಆ ಕುರ್ಚಿಗೆ ಪೂರ್ತಿಯಾಗಿ ವಾಪಸ್ ಬಂದಿಲ್ಲ.

ಹೊಸ ಆಟ ಶುರು ಮಾಡಿದ್ರೆ ಮೊದಲು ನೀನು ಯಾರು ಅಂತ ಆರಿಸ್ಕೋಬೇಕು. ಯೋಧಳು, ಮಾಂತ್ರಿಕಳು, ಕಳ್ಳಿ. ಅತ್ತೆ ಮೂರನ್ನೂ ಹಿಂದೆ ಮುಂದೆ ತಿರುಗಿಸಿ, ಸಂತೇಲಿ ಕುರಿ ನೋಡಿದ ಹಾಗೆ ನೋಡಿದ್ಲು. "ಇದ್ರಲ್ಲಿ ಗೇಯ್ಕೊಂಡು ತಿನ್ನೋರು ಯಾರೂ ಇಲ್ವೇನೇ?" ಇಲ್ಲ ಅಂದೆ. ಕೊನೆಗೆ ಯೋಧಳನ್ನ ಆರಿಸಿದ್ಲು. ಶೌರ್ಯ ನೋಡಿ ಅಲ್ಲ ಸ್ವಾಮಿ! "ಇವಳೊಬ್ಬಳಿಗೇ ಮೈತುಂಬ ಬಟ್ಟೆ ಇರೋದು" ಅಂತ.

ಆಟ ಶುರುವಾದ ತಕ್ಷಣ ಒಬ್ಬ ಸೇನಾಪತಿ ರಕ್ತ ಸುರಿಸ್ಕೊಂಡು ಓಡಿಬಂದು ಇಂಗ್ಲಿಷಲ್ಲಿ ಬಡ್ಕೊಂಡ. "ರಾಜ್ಯ ಹೊತ್ತಿ ಉರೀತಿದೆ, ಕತ್ತಿ ಹಿಡ್ಕೊಂಡು ಬಾ ಅಂತಿದಾನೆ ಅತ್ತೆ" ಅಂತ ನಾನು ಕನ್ನಡದಲ್ಲಿ ಹೇಳ್ದೆ. "ನಡೀ ಬಂದೆ ಅನ್ನು" ಅಂದವಳು ದಾರಿ ಪಕ್ಕದ ಸೊಪ್ಪು ಕೀಳೋಕೆ ಕೂತ್ಲು. ಆ ರಾಜ್ಯ ಇನ್ನೂ ಉರೀತಾನೇ ಇದೆ.

ಈ ಆಟದಲ್ಲಿ ಯಾವ ಕೆಲಸ ಮಾಡಿದ್ರೂ ಆ ಕೆಲಸದ ಕಸುಬು ಏರುತ್ತೆ. ಕಸುಬು ಏರಿದ್ರೆ ಲೆವೆಲ್ ಏರುತ್ತೆ. ಬುದ್ಧಿ ಇರೋರು, ಅಂದ್ರೆ ನನ್ನಂಥೋರು, ಕತ್ತಿ ಬೀಸಿ ಏರ್ತಾರೆ. ಅತ್ತೆ ಸೊಪ್ಪು ಕಿತ್ತು ಏರಿದ್ಲು. ಕಿತ್ತ ಸೊಪ್ಪನ್ನೆಲ್ಲ ಬೇಯಿಸಿ ಸಾರು ಮಾಡಿ ಏರಿದ್ಲು. ಸೇತುವೆ, ಸ್ಮಶಾನ, ರಾಜನ ಅರಮನೆ, ಎಲ್ಲಿ ಒಲೆ ಕಂಡ್ರೂ ಒಂದು ಸಾರು! ಅವಳ ಚೀಲದಲ್ಲಿ ಆಯುಧ ಅಂತ ಇದ್ದಿದ್ದು ಸೊಪ್ಪು ಕೊಯ್ಯೋ ಒಂದು ಕುಡ್ಲು. ಮಿಕ್ಕಿದ್ದೆಲ್ಲ ಸಾರೇ. ಒಂದು ಮದುವೆ ಮನೆಗಾಗುವಷ್ಟು.

ತಲೆ ಮೇಲೆ ಡ್ರ್ಯಾಗನ್ ಗುಡುಗ್ತಾ ಹೋದ್ರೂ ಕತ್ತು ಎತ್ತುತ್ತಿರಲಿಲ್ಲ. "ಅತ್ತೇ, ಡ್ರ್ಯಾಗನ್!" ಅಂತ ನಾನು ಕಿರುಚಿದ್ರೆ, "ಹೋಗುತ್ತೆ ಬಿಡೇ" ಅನ್ನೋಳು. ಅವಳದ್ದೇನು ತಪ್ಪು? ಏರ್‌ಪೋರ್ಟ್ ಪಕ್ಕದ ಊರು ನಮ್ದು. ತಲೆ ಮೇಲೆ ಗುಡುಗಿದ್ದಕ್ಕೆಲ್ಲ ಕತ್ತೆತ್ತಿದ್ರೆ ಸೊಪ್ಪು ಯಾರು ಕೀಳ್ತಾರೆ?

ಇನ್ನು ಲೆವೆಲ್ ಏರಿದಾಗಿನ ಮಡಿ ಕೇಳಿ. ರೇಷ್ಮೆ ಹುಳ ಬೆಳೀಬೇಕಾದ್ರೆ ಆಗಾಗ ಹಳೇ ಚರ್ಮ ಬಿಡುತ್ತೆ. ಅದಕ್ಕೆ ನಮ್ ಕಡೆ ಜ್ವರ ಅಂತೀವಿ. ಜ್ವರಕ್ಕೆ ಕೂತ ಹುಳ ಸೊಪ್ಪು ತಿನ್ನಲ್ಲ, ಅಲ್ಲಾಡಲ್ಲ. ಅದನ್ನ ಯಾರೂ ಮುಟ್ಟಂಗಿಲ್ಲ. ಎದ್ದಾಗ ಹೊಸ ಚರ್ಮ, ಹೊಸ ಹಸಿವು. ಲೆವೆಲ್ ಅಂದ್ರೂ ಇದೇ ಅಂತ ಅತ್ತೆ ತೀರ್ಮಾನ ಮಾಡ್ಬಿಟ್ಲು! 'ಟ್ರಿಂಗ್' ಅಂತ ಸದ್ದಾದ್ರೆ ಸಾಕು, ಎಲ್ಲಿದ್ರೂ ಯೋಧಳನ್ನ ಕರ್ಕೊಂಡ್ಹೋಗಿ ಮಲಗಿಸೋಳು.

ಒಂದ್ಸಲ ಕಾಡುಹಂದಿ ಅಟ್ಟಿಸ್ಕೊಂಡು ಬರ್ತಿದ್ದಾಗಲೇ ಟ್ರಿಂಗ್ ಅಂತು.

"ಓಡತ್ತೇ, ಓಡು!"

"ಈಗ್ತಾನೆ ಜ್ವರಕ್ಕೆ ಬಂದಿದೆ ಕಣೇ ಮಗು. ಓಡಿಸಬಾರ್ದು."

ಓಡಿಸಲಿಲ್ಲ. ಹಂದಿಗೆ ಈ ವಿಷಯ ಯಾರೂ ಹೇಳಿರಲಿಲ್ಲ.

ಹೀಗೇ ಸಾರು ಕಾಯಿಸ್ಕೊಂಡಿದ್ದೋಳ ಕಣ್ಣಿಗೆ ಒಂದಿನ ಆ ಮನೆ ಬಿತ್ತು. ಕೆರೆಯಾಚೆ ದಿಬ್ಬದ ಮೇಲೆ, ಕೆಂಪು ಹೆಂಚಿಂದು, ಮುಂದೊಂದು ಜಗಲಿ, ಹಿಂದೆ ನಾಲ್ಕು ಮರ. ಅತ್ತೆ ಸೊಪ್ಪು ಬಿಟ್ಟು ಎದ್ದು ನಿಂತಿದ್ದು ಅದೇ ಮೊದಲು.

"ಯಾರ್ದೇ ಅದು?"

"ಯಾರ್ದೂ ಅಲ್ಲ. ಬೀಗದ ಕೈ ಕಣಿವೇಲಿರೋ ರಾಕ್ಷಸನ ಹತ್ರ ಇದೆ. ಅವನನ್ನ ಬೀಳಿಸಿ ಕಿತ್ಕೊಂಡೋರಿಗೆ ಮನೆ."

"ಯಾರಿಗೆ ಬೇಕಾದ್ರೂನಾ?"

"ಹೂಂ."

"ಹೆಂಗಸ್ರಿಗೂ?"

"ಹೆಂಗಸ್ರಿಗೂ ಅತ್ತೆ."

"ಗಂಡನ ಸಹಿ, ಅಣ್ಣತಮ್ಮಂದಿರ ಸಹಿ, ಏನೂ ಬ್ಯಾಡ್ವಾ?"

"ರಾಕ್ಷಸ ಸತ್ರೆ ಸಾಕು."

"ಇಷ್ಟೇನಾ!" ಅಂದ್ಲು ಅತ್ತೆ.

ನಾನು ಹೊಟ್ಟೆ ಹಿಡ್ಕೊಂಡು ನಕ್ಕೆ. ಅತ್ತೆ ಮದುವೆ ಮುರ್ಕೊಂಡು ತವರಿಗೆ ಬಂದಿದ್ದು ನಾನು ಹುಟ್ಟೋಕೆ ಎಷ್ಟೋ ಮೊದಲು. ಆಮೇಲೆ ನಾವು ಆರ್‌ಸಿಸಿ ಮನೆ ಕಟ್ಟಿದ್ವಿ. ಬಂದೋರಿಗೆಲ್ಲ ಅಪ್ಪ ತೋರಿಸ್ತಾನೆ: ಇದು ನಮ್ಮಿಬ್ರ ರೂಮು, ಇದು ಮಗಳ್ದು, ಇದು ದೇವರ್ದು, ಇದು ಗೊಬ್ಬರದ ಮೂಟೆದು. ಅಕ್ಕಂದು ಯಾವುದು ಅಂತ ಯಾರಾದ್ರೂ ಕೇಳಿದ್ರೆ, "ಅಕ್ಕಂಗೇನಪ್ಪ, ಇಡೀ ಮನೇನೇ ಅವಳ್ದು. ಎಲ್ ಬೇಕಾದ್ರೂ ಚಾಪೆ ಹಾಸ್ಕೋತಾಳೆ!" ನಮ್ಮ ಮನೇಲಿ ಇದು ಜೋಕು. ಅತ್ತೇನೂ ನಗ್ತಾಳೆ.

ಅವತ್ತಿಂದ ಅತ್ತೆಗೆ ಆ ಮನೆ ಒಂದೇ ಧ್ಯಾನ. ಹುಳಕ್ಕೆ ಸೊಪ್ಪು ಹಾಕ್ತಾ, "ಆ ಜಗಲಿ ಮೂಡ್ಲು ದಿಕ್ಕಿಗೇ ಅಲ್ವೇನೇ ಇರೋದು?" ಅನ್ನೋಳು. ಮುದ್ದೆ ತಿರುವ್ತಾ, "ಹಿತ್ತಲಿಗೆ ಬಾಗಿಲಿದ್ಯಾ?" ಅಂತ ಕೇಳೋಳು. ಅಮ್ಮ ಯಾರ ಮನೆ ಮಾರಾಟಕ್ಕಿದೆ ಅಂತ ಗಾಬರಿಯಾದ್ಲು.

ಆದ್ರೆ ಹೋಗೋದು ಹೆಂಗೆ? ಮೊದಮೊದಲು ಅತ್ತೆ ಕುಡ್ಲು ತೋರಿಸಿದ್ರೇ ಓಡ್ತಿದ್ದ ತೋಳ, ಈಗ ಒಂದೇ ಏಟಿಗೆ ಅವಳನ್ನ ಮಲಗಿಸ್ತಿತ್ತು. ಕೆರೆ ಹತ್ರ ಇನ್ನೂ ಘೋರ. ಅಲ್ಲೊಂದು ಕೋಳಿ ಕಾಲಿಗೆ ಸಿಕ್ತು, ಅತ್ತೆ "ಹುಶ್" ಅಂದ್ಲು, ಕೋಳಿ ತಿರುಗಿ ನಿಂತ್ಕೊಳ್ತು. ಮುಂದಿನದು ನಿಮಗೆ ಗೊತ್ತೇ ಇದೆ. ಲೆವೆಲ್ ಮಾತ್ರ ಆಕಾಶದಲ್ಲಿ! ಲೆವೆಲ್ ಏರಿದಷ್ಟೂ ಸಾವು ಹತ್ರ. ಇದ್ಯಾವ ನ್ಯಾಯ? ನಂಗೂ ತಲೆ ಕೆಟ್ಟೋಯ್ತು. ಫಿಸಿಕ್ಸ್ ಬಿಟ್ಟು ಇದನ್ನೇ ಯೋಚಿಸ್ತಾ ಕೂತೆ. ಟೆಸ್ಟಲ್ಲಿ ಫಿಸಿಕ್ಸೂ ನನ್ನನ್ನ ಬಿಡ್ತು.

ಅಪ್ಪ ಮಾರ್ಕ್ಸ್ ನೋಡಿ ಕೂಗಾಡಲಿಲ್ಲ. ಕೂಗಾಡಿದ್ರೆ ವಾಸಿ ಇತ್ತು. "ನಾಳೆ ಸಾಯಂಕಾಲ ಆ ಡಬ್ಬ ಸೂಲಿಬೆಲೆಗೆ, ನಿಮ್ಮಾವನ ಮನೆಗೆ ಹೋಗುತ್ತೆ. ಪರೀಕ್ಷೆ ಮುಗಿಯೋವರ್ಗೂ ಅಲ್ಲೇ ಇರ್ಲಿ" ಅಂದ. ಅತ್ತೆ ತಟ್ಟೆ ತೊಳೀತಿದ್ದೋಳು ನಲ್ಲಿ ನಿಲ್ಲಿಸಿದ್ಲು. ಆಮೇಲೆ ಮತ್ತೆ ನಲ್ಲಿ ಬಿಟ್ಲು.

ಮಾರನೇ ದಿನ ಕಂಪ್ಯೂಟರ್ ಒಯ್ಯೋಕೆ ಸೂಲಿಬೆಲೆಯಿಂದ ಬಾವ ಬಂದ. ಬಾವ ಅಂದ್ರೆ ಅಮ್ಮನ ಅಣ್ಣನ ಮಗ. ಡಿಪ್ಲೊಮಾ ಓದ್ತಿದಾನೆ, ಆಟದ ವಿಷಯದಲ್ಲಿ ತಾನೇ ಜಗದ್ಗುರು ಅನ್ಕೊಂಡಿದಾನೆ. ವೈರ್ ಕಿತ್ಕೊಂಡು ಹೋಗೋ ಬದ್ಲು ಸ್ಕ್ರೀನ್ ನೋಡಿ ಅಲ್ಲೇ ಕಲ್ಲಾದ.

"ದೊಡ್ಡಮ್ಮಾ, ಈ ಲೆವೆಲ್ ನಿಮ್ದಾ? ಕತ್ತಿ ಕಸುಬು ಸೊನ್ನೆ ಇದ್ಯಲ್ಲ!"

"ಕತ್ತಿ ಯಾಕಪ್ಪ? ಸೊಪ್ಪಿಗೆ ಕುಡ್ಲು ಸಾಕು."

ಬಾವ ಎರಡೂ ಕೈಲಿ ತಲೆ ಹಿಡ್ಕೊಂಡ. "ಅದೇ ತಪ್ಪಾಗಿರೋದು! ಈ ಆಟದಲ್ಲಿ ನೀವು ಬೆಳೆದ ಹಾಗೆ ಪ್ರಾಣಿಗಳೂ ಬೆಳೀತವೆ. ಆಟ ಸಪ್ಪೆ ಆಗ್ಬಾರ್ದು ಅಂತ ಸಮ ಮಾಡ್ತಾರೆ. ಅದು ನಿಮ್ ಲೆವೆಲ್ ಮಾತ್ರ ನೋಡುತ್ತೆ, ಯಾವ ಕೆಲಸ ಮಾಡಿ ಏರಿದ್ರಿ ಅಂತ ಕೇಳಲ್ಲ. ನೀವು ಸಾರು ಕಾಯಿಸಿ ಕಾಯಿಸಿ ತೋಳಾನ ಬಲ ಮಾಡಿದೀರಿ!"

"ಸಾರು ಕುಡಿದಿದ್ದು ತೋಳಾನಾ?"

"ಅಲ್ಲ."

"ಮತ್ತೆ ಅದಕ್ಕೆ ಹೆಂಗಪ್ಪ ಬಲ ಬಂತು?"

ಅತ್ತೆ ಗಲ್ಲದ ಮೇಲೆ ಕೈ ಇಟ್ಕೊಂಡು ಯೋಚಿಸಿದ್ಲು. ಸಿಟ್ಟಿಲ್ಲ, ಬೇಜಾರಿಲ್ಲ. ಹುಳಕ್ಕೆ ಹೊಸ ರೋಗ ಬಂದ್ರೆ ಹೆಂಗೆ ನೋಡ್ತಾಳೋ ಹಂಗೆ ನೋಡಿದ್ಲು.

"ಇದು ಯಾರೋ ಬದುಕು ಕಂಡೋರೇ ಮಾಡಿರೋ ಆಟ ಕಣೇ. ನಾನು ಹುಳ ನೋಡ್ಕೊಳ್ಳೋದು ಕಲ್ತೆ, ಹುಳ ನಂದಾಯ್ತು. ಹಾಲು ಕರೆಯೋದು ಕಲ್ತೆ, ದನ ನಂದಾಯ್ತು. ಕಲಿತಷ್ಟೂ ಕೆಲಸ ಬೆಳೀತು. ನಿಮ್ಮಮ್ಮನ್ನ ನೋಡು, ಸಗಣಿ ಬಾಚೋಕೆ ಬರಲ್ಲ ಅಂತ ಬಂದ ದಿನವೇ ಹೇಳ್ಬಿಟ್ಲು. ಜಾಣೆ!"

ಬಾವ ಬೈಕ್ ಕೀ ತಿರುಗಿಸ್ತಾ, "ಇಷ್ಟೊಂದು ಒದ್ದಾಟ ಯಾಕೆ ದೊಡ್ಡಮ್ಮ? ಒಳಗಡೆ ಕಷ್ಟ ಕಮ್ಮಿ ಮಾಡೋ ಬಟನ್ ಇರುತ್ತಲ್ಲ" ಅಂದ.

ಅತ್ತೆ ಗಲ್ಲದಿಂದ ಕೈ ತೆಗೆದ್ಲು.

"ಏನು ಬಟನ್?"

"ಕಷ್ಟ, ಮಧ್ಯಮ, ಸುಲಭ ಅಂತ. ಸುಲಭ ಒತ್ತಿದ್ರೆ ರಾಕ್ಷಸನ ಏಟಿಗೆ ಅಷ್ಟು ಬಲ ಇರಲ್ಲ."

ಅತ್ತೆ ನನ್ ಕಡೆ ತಿರುಗಿದ್ಲು. "ನಿಂಗೊತ್ತಿತ್ತೇನೇ?"

"ಗೊತ್ತಿತ್ತು ಅತ್ತೆ. ಆದ್ರೆ ಅದನ್ನ ಒತ್ತೋದು ಮರ್ಯಾದೆ ಅಲ್ಲ. ಕಷ್ಟಪಟ್ಟು ಗೆದ್ರೇನೇ ಬೆಲೆ."

"ಯಾವನೇ ಹೇಳಿದ್ದು? ಕಷ್ಟ ಪಡದೇ ಇರೋನು ಹೇಳಿರ್ತಾನೆ. ಒತ್ತೇ ಬೇಗ, ಮುಂಡೇದೆ!"

ಒತ್ತಿದೆ. ಅತ್ತೆ ಆ 'ಸುಲಭ' ಅನ್ನೋ ಕಡೆ ಬೆರಳು ತೋರಿಸಿ, ಇದೇನಾ, ಇಷ್ಟೇನಾ ಅಂತ ಕೇಳಿ ಖಾತ್ರಿ ಮಾಡ್ಕೊಂಡ್ಲು. ಆಮೇಲೆ ಸೆರಗು ಸೊಂಟಕ್ಕೆ ಸಿಗಿಸಿ ಕಣಿವೆ ಕಡೆ ನಡೆದ್ಲು.

ಆ ಯುದ್ಧ ನೀವು ನೋಡ್ಬೇಕಿತ್ತು! ರಾಕ್ಷಸ ತೆಂಗಿನ ಮರದಷ್ಟು. ಅತ್ತೆ ಅವನ ಮೊಣಕಾಲಿಗೆ ಬರ್ತಾಳೆ. ಸುಲಭ ಅಂದ್ರೂ ರಾಕ್ಷಸ ರಾಕ್ಷಸನೇ. ಒಂದು ಏಟು ಬಿದ್ರೆ ಅತ್ತೆ ಅರ್ಧ ಜೀವ. ಆದ್ರೆ ಆಟದಲ್ಲಿ ಸಾರು ಕುಡಿದ್ರೆ ಹೋದ ಜೀವ ವಾಪಸ್ ಬರುತ್ತೆ, ಚೀಲ ತೆಗೆದ್ರೆ ಲೋಕವೇ ನಿಂತೋಗುತ್ತೆ. ಚೀಲ ತೆಗೆದ್ಲು. ರಾಕ್ಷಸ ದೊಣ್ಣೆ ಎತ್ತಿದೋನು ಎತ್ತಿದ ಹಾಗೇ. ನಮ್ಮತ್ತೆ ಸಾರು ಕುಡೀತಿದಾಳೆ! ಒಂದು ಬಟ್ಟಲು, ಇನ್ನೊಂದು ಬಟ್ಟಲು, ಅಣಬೆದೊಂದು, ಬೇಳೆದೊಂದು. ಕುಡಿದು, ಚೀಲ ಮುಚ್ಚಿ, ಕುಡ್ಲಲ್ಲಿ ಅವನ ಹಿಮ್ಮಡಿಗೆ ಒಂದು ಕಚ್ಚು. ಅವನು ಹೊಡೀತಾನೆ. ಮತ್ತೆ ಊಟಕ್ಕೆ ಕೂರ್ತಾಳೆ.

"ಪಾಪ, ಅವನಿಗೂ ಒಂದು ಬಟ್ಟಲು ಕೊಡೋಕಾಗಲ್ವೇನೇ?"

"ದೊಡ್ಡಮ್ಮ, ಹೊಡೀರಿ!" ಬಾವ ಮಂಚದ ಮೇಲೆ ಹತ್ತಿ ನಿಂತಿದ್ದ. ಕಂಪ್ಯೂಟರ್ ಒಯ್ಯೋಕೆ ಬಂದೋನು!

ಮದುವೆ ಮನೆ ಸಾರು ಪೂರ್ತಿ ಖಾಲಿಯಾಯ್ತು. ಕೊನೇ ಬಟ್ಟಲಿಗೆ ರಾಕ್ಷಸ ತೂರಾಡಿದ, ಮಂಡಿ ಊರಿದ, ಬಿದ್ದ. ಟ್ರಿಂಗ್ ಅಂತು. ಅತ್ತೆ ಮೊದಲ ಸಲ ಆ ಸದ್ದು ಕೇಳಿಸ್ಕೊಳ್ಳಲಿಲ್ಲ. ಬೀಗದ ಕೈ ತಗೊಂಡು, ಕೆರೆ ಏರಿ ಮೇಲೆ ಓಡಿ, ದಿಬ್ಬ ಹತ್ತಿ, ಬಾಗಿಲು ತೆಗೆದ್ಲು.

ಒಳಗೆ ಒಲೆ ಇತ್ತು. ಮಂಚ ಇತ್ತು, ಕಿಟಕಿ ಇತ್ತು. ಅತ್ತೆ ಯೋಧಳನ್ನ ಒಂದೊಂದೇ ಮೂಲೆಗೆ ಕರ್ಕೊಂಡು ಹೋಗಿ ನಿಲ್ಲಿಸ್ತಾ ಇದ್ಲು. ಏನೂ ಮುಟ್ತಿರಲಿಲ್ಲ. ಸುಮ್ನೆ ನಿಲ್ಲಿಸೋದು, ನೋಡೋದು. ಹಿತ್ತಲಿಗೆ ಬಾಗಿಲೂ ಇತ್ತು.

"ಏನ್ ನಡೀತಿದೆ ಇಲ್ಲಿ?"

ಅಪ್ಪ! ಸೀದಾ ಗೋಡೆ ಹತ್ರ ಹೋದ, ಸ್ವಿಚ್ ಆರಿಸಿದ. ಕೆರೆ, ದಿಬ್ಬ, ಕೆಂಪು ಹೆಂಚು, ಎಲ್ಲ ಫಟ್ ಅಂತ ಕಪ್ಪು.

"ಪರೀಕ್ಷೆ ಇರೋದು ಇವಳಿಗೆ. ನಿಂಗೇನಕ್ಕ ಬಂದಿರೋದು?"

ಅತ್ತೆ ಅಪ್ಪನ್ನ ನೋಡಲೇ ಇಲ್ಲ. ಕಪ್ಪು ಸ್ಕ್ರೀನನ್ನೇ ನೋಡ್ತಾ, ಸಣ್ಣ ದನೀಲಿ ನನ್ನ ಕೇಳಿದ್ಲು.

"ಹೋಯ್ತೇನೇ?"

"ಇಲ್ಲ ಅತ್ತೆ. ಬಾಗಿಲು ತೆಗೆದಾಗ್ಲೇ ಅದು ಉಳ್ಸಿಕೊಂಡಿರುತ್ತೆ. ಅಲ್ಲೇ ಇರುತ್ತೆ."

"ಏನು ಅಲ್ಲೇ ಇರುತ್ತೆ?" ಅಂದ ಅಪ್ಪ.

"ನನ್ ಮನೆ ಕಣೋ" ಅಂದ್ಲು ಅತ್ತೆ.

ಅಪ್ಪ ನಗ್ತಾನೆ ಅನ್ಕೊಂಡೆ. ನಗಲಿಲ್ಲ. ನನ್ನ ನೋಡಿದ, ಬಾವನ್ನ ನೋಡಿದ, ಬಾವ ಮೆಲ್ಲಗೆ ಮಂಚದಿಂದ ಇಳಿದ. ಸ್ವಿಚ್ ಮೇಲಿನ ಅಪ್ಪನ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಅವನೇ ಅದನ್ನ ಹಾಕಿದ.

ಕಂಪ್ಯೂಟರ್ ಗುಂಯ್ ಅಂತು. ಅಪ್ಪ ಹಿಂದೆ ಹಿಂದೆ ಸರಿದು ಹೊಸ್ತಿಲಾಚೆ ಹೋಗಿ ನಿಂತ್ಕೊಂಡ. ಒಂದ್ಸಲ ಕೆಮ್ಮಿದ.

"ಅಕ್ಕ, ಒಳಗ್ ಬರ್ಲಾ?"

ಅತ್ತೆ ಕನ್ನಡಕ ಸರಿ ಮಾಡ್ಕೊಂಡ್ಲು.

"ಕಾಲ್ ತೊಳ್ಕೊಂಡ್ ಬಾ."

ಅಪ್ಪ ಕಾಲು ತೊಳ್ಕೊಳ್ಳೋಕೆ ಹೋದ.