ಹೇನಿಲ್ಲದ ಒಂದೇ ಮೀನು

ಬೆಳಗ್ಗೆ ಅಳಿಯ ಮೇವು ಎರಚಿದರೂ ಮೀನುಗಳು ಇತ್ತ ತಿರುಗಲಿಲ್ಲ. ಕೊಳದಂಚಿನ ಗೂಟಗಳಿಗೆ ಮೈ ಉಜ್ಜಿಕೊಳ್ಳುತ್ತಿದ್ದವು. ಒಂದನ್ನು ಹಿಡಿದು ನೋಡಿದರೆ, ರೆಕ್ಕೆಯ ಬುಡದಲ್ಲಿ ಎಳ್ಳಿಗಿಂತ ತುಸು ದೊಡ್ಡದಾದ ಚಪ್ಪಟೆ ಹುಳಗಳು ಕಚ್ಚಿಕೊಂಡಿದ್ದವು. ಮೀನಿನ ಹೇನು!

ಹೇನು ಹೇಗೆ ಬಂತೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎರವಲು ತಂದ ಬಲೆಯನ್ನು ಉಪ್ಪುನೀರಲ್ಲಿ ಅದ್ದಿ, ಎರಡು ದಿನ ಬಿಸಿಲಿಗೆ ಹಾಕಿದ ಮೇಲೆಯೇ ಕೊಳಕ್ಕಿಳಿಸಬೇಕು ಎಂಬುದು ಕೊಳದ ಒಡೆಯರಾದ ಮಾವನ ಕಟ್ಟಪ್ಪಣೆ. ಹೋದ ತಿಂಗಳು ಪಕ್ಕದ ಕೊಳದ ಗಡ್ಡದವರ ಬಲೆಯನ್ನು ಇವನು ಒದ್ದೆಯಾಗಿಯೇ ಬೀಸಿದ್ದ. ಇದೇ ತಪ್ಪಿಗೆ ಮಾವ ಸ್ವಂತ ಮಗನಿಂದಲೇ ಕೊಳ ಕಿತ್ತುಕೊಂಡು, ಅವನನ್ನು ಗೋದಾಮಿನಲ್ಲಿ ಮೂಟೆ ಹೊರಲು ಹಾಕಿದ್ದರು. ಮಗನಿಗೇ ಆ ಗತಿ. ಇವನೋ ಕೊಳದ ಜೊತೆಗೆ ಕೊಳದ ದಂಡೆಯ ಮನೆಯನ್ನೂ ಬಿಡಬೇಕಾದೀತು.

"ರೀ, ಹನ್ನೊಂದು ಗಂಟೆಗೆ ಅಪ್ಪ ಮೀನಿನ ಡಾಕ್ಟರನ್ನ ಕರ್ಕೊಂಡು ಬರ್ತಾರಂತೆ," ಎಂದಳು ಹೆಂಡತಿ ಬಾಗಿಲಿಂದ.

"ಯಾಕೆ? ನಾನೇನ್ ಮಾಡ್ದೆ?"

"ನೀವು ಮಾಡಿದ್ರಿ ಅಂತ ಯಾರಂದ್ರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೆಂದರೆ ಇದೇ. ಅಳಿಯ ಹೆಂಡತಿಯ ಹುಬ್ಬು ಕೀಳುವ ಚಿಮಟ ಕದ್ದು, ಒಂದು ಬಕೆಟ್ ಉಪ್ಪುನೀರಿಗೆ ಒಂದು ಮೀನು ಹಾಕಿಕೊಂಡು ಶೆಡ್ಡಿನ ಹಿಂದೆ ಕೂತ. ಕೊಳದಷ್ಟೂ ಮೀನಿನ ಹೇನು ಹೆಕ್ಕಲಾಗದು, ಒಂದರದ್ದಾದರೂ ಹೆಕ್ಕಬಹುದಲ್ಲ! ಡಾಕ್ಟರಿಗೆ ಅದನ್ನೇ ತೋರಿಸಿದರಾಯಿತು.

ಐದನೆಯ ಹೇನು ಕೀಳುವಾಗ ಬೇಲಿಯ ಮೇಲೆ ಗಡ್ಡವೊಂದು ಕಂಡಿತು.

"ಏನಯ್ಯಾ, ಮೀನಿಗೆ ಹುಬ್ಬು ತಿದ್ದುತ್ತಿದ್ದೀಯಾ?"

"ಅದೂ... ಗಾಯ ಆಗಿತ್ತು, ಅದಕ್ಕೇ..."

"ಉಪ್ಪು ಜಾಸ್ತಿ ಆದ್ರೆ ಸತ್ತೇ ಹೋಗುತ್ತೆ!" ಗಡ್ಡದವರು ಬೇಲಿ ದಾಟಿ ಬಂದು ಬಕೆಟ್ಟಿಗೆ ಒಂದು ಕೊಡ ನೀರು ಸುರಿದರು. ಅವರು ಅತ್ತ ಹೋಗುತ್ತಲೇ, ಉಪ್ಪು ಕಡಿಮೆಯಾದರೆ ಹೇನು ಹಿಡಿತ ಬಿಡದೆಂದು ಹೆದರಿ ಅಳಿಯ ಎರಡು ಹಿಡಿ ಉಪ್ಪು ಸುರಿದ. ಮೀನು ಹೊಟ್ಟೆ ಮೇಲಾಗಿ ತೇಲಿತು. ಅದನ್ನೆತ್ತಿಕೊಂಡು ಕೊಳಕ್ಕೆ ಓಡಿ, ಬುಟ್ಟಿಯೊಳಗಿಟ್ಟು ನೀರಲ್ಲಿ ಆಡಿಸುತ್ತ, "ಏಳಪ್ಪಾ, ನನ್ನ ಸಂಸಾರ ಉಳಿಸಪ್ಪಾ" ಎಂದು ಗೋಗರೆದ. ಬಹಳ ಹೊತ್ತಿನ ಮೇಲೆ ಮೀನು ಬಾಲ ಅಲ್ಲಾಡಿಸಿತು. ಉಳಿದ ಹದಿನೆಂಟು ಹೇನುಗಳನ್ನು ಹೆಕ್ಕಿ ಮುಗಿಸುವಷ್ಟರಲ್ಲಿ ಲಾರಿಯ ಸದ್ದಾಯಿತು.

ಬೆಳಗಿನಿಂದ ಕೊಳ ಸುತ್ತಿ ಸುಸ್ತಾಗಿದ್ದ ಡಾಕ್ಟರು, "ಒಂದು ಮೀನು ಹಿಡ್ದು ಕೊಡಿ ಸಾಕು," ಎಂದರು. ಅಳಿಯ ಬಲೆ ಬೀಸಿದಂತೆ ಮಾಡಿ ಬುಟ್ಟಿಯ ಮೀನನ್ನು ತಂದುಕೊಟ್ಟ. ಡಾಕ್ಟರು ಭೂತಗನ್ನಡಿ ಹಿಡಿದು ಕಿವಿರು, ಹೊಟ್ಟೆ, ಬಾಲ ಎಲ್ಲವನ್ನೂ ನೋಡಿದರು. ಒಂದು ಹೇನು ತಪ್ಪಿಸಿಕೊಂಡಿದ್ದರೂ ಮನೆ ಹೋಯಿತು.

"ಆಶ್ಚರ್ಯ! ಒಂದೂ ಇಲ್ಲ. ಈ ಸಾಲಿನ ಉಳಿದ ಹನ್ನೊಂದು ಕೊಳದಲ್ಲೂ ಹೇನು. ಕಾಲುವೆ ನೀರಲ್ಲೇ ಬಂದಿದೆ, ಯಾರ ತಪ್ಪೂ ಅಲ್ಲ. ಎಲ್ರಿಗೂ ಔಷಧಿ ಹಾಕಿದ್ವಿ. ನಿಮಗೆ ಬೇಡ ಬಿಡಿ," ಎಂದು ಡಾಕ್ಟರು ಪೆಟ್ಟಿಗೆ ಮುಚ್ಚಿದರು.

ಯಾರ ತಪ್ಪೂ ಅಲ್ಲವಂತೆ! ಅಳಿಯನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮಾವ ಮಾತ್ರ ಅವನನ್ನು ಬಾಚಿ ತಬ್ಬಿಕೊಂಡರು.

"ಭೇಷ್ ಅಳಿಯಂದ್ರೇ! ಲಾರಿಯಲ್ಲಿ ಮರಿಗೆ ಅಂತ ಸಾಕಿದ ನನ್ನ ನಲವತ್ತು ತಾಯಿಮೀನು ಇದಾವೆ. ವಾರವೆಲ್ಲ ಔಷಧಿ ಮಾಡಿ ಹೇನು ಬಿಡಿಸಿದ್ದೀವಿ. ಎಲ್ಲಿ ಬಿಡೋದು ಅಂತ ಒದ್ದಾಡ್ತಿದ್ದೆ. ಏಯ್, ಇಳಿಸ್ರೋ ಕೊಳಕ್ಕೆ!"

"ಮಾವ, ಒಂದು ನಿಮಿಷ... ಒಂದ್ ಮಾತು ಹೇಳ್ಬೇಕಿತ್ತು..."

"ಏನೂ ಹೇಳ್ಬೇಡಿ. ಈ ಕೊಳ ಶುದ್ಧ ಅಂತ ಡಾಕ್ಟರೇ ಬರೆದು ಕೊಡ್ತಾರೆ. ಇನ್ಮೇಲೆ ನನ್ನ ತಾಯಿಮೀನಿನ ಮೇಲೆ ಒಂದೇ ಒಂದು ಹೇನು ಕಂಡ್ರೂ, ಅದು ನಿಮ್ಮ ಕೈಯಿಂದಲೇ ಬಂದದ್ದು ಅಂತ ನನಗೆ ಗೊತ್ತಾಗುತ್ತೆ."

ಅಷ್ಟರಲ್ಲಿ ಮೊದಲನೆಯ ತಾಯಿಮೀನು ದುಡುಮ್ಮನೆ ನೀರಿಗೆ ಬಿತ್ತು.