ಮಾವನ ಲಿಂಕಿಗೆ ಸಿಕ್ಕ ಗಿರಾಕಿ

ತಿಪಟೂರು ಸೀಮೆಯಲ್ಲಿ ಇಂಟರ್ನೆಟ್ಟನ್ನು ಕೈಬರಹದಲ್ಲಿ ನಡೆಸಿದ ಏಕೈಕ ಮಹಾಪುರುಷ ನಮ್ಮ ಸೋದರಮಾವ. ನಂಬಲ್ವಾ? ಅರಳಗುಪ್ಪೆಯಲ್ಲಿ ಯಾರ ಮನೆಯ ಕ್ಯಾಲೆಂಡರ್ ಹಿಂದೆ ಬೇಕಾದರೂ ಕೈ ಹಾಕಿ, ಮಾವ ಬರೆದುಕೊಟ್ಟ ಚೀಟಿ ಸಿಗುತ್ತೆ.

ತಿಪಟೂರಿಗೆ ಸೈಬರ್ ಸೆಂಟರ್ ಬಂದ ಹೊಸತು. ಮಾವ ಅಲ್ಲಿ ಇಂಟರ್ನೆಟ್ಟಿನಲ್ಲೊಂದು ಪುಟ ಮಾಡಿಸಿ, ತಾನು ಬಳಸಿ ನೋಡಿದ ಸಾಮಾನುಗಳ ಬಗ್ಗೆ ಬರೆಯತೊಡಗಿದ. ಪ್ರತಿಯೊಂದರ ಕೆಳಗೂ ಒಂದು ಲಿಂಕು. ಅದನ್ನೊತ್ತಿ ಯಾರಾದರೂ ಕೊಂಡರೆ, ಆ ಸಾಮಾನು ಮಾರೋ ಇಂಟರ್ನೆಟ್ ಅಂಗಡಿಯವರು ಮಾವನಿಗೆ ಕಮಿಷನ್ ಕೊಡುತ್ತಾರೆ. ಕಳಿಸಿದ್ದು ಯಾರು ಅಂತ ಅವರಿಗೆ ಗೊತ್ತಾಗೋದು ಲಿಂಕಿನ ಬಾಲದಲ್ಲಿರೋ ಮಾವನ ನಂಬರಿನಿಂದ. ಆದರೆ ಒತ್ತೋಕೆ ನಮ್ಮೂರಲ್ಲಿ ಕಂಪ್ಯೂಟರ್ ಎಲ್ಲಿದೆ? ಅದಕ್ಕೇ ಮೂರು ಸಾಲಿನ ಲಿಂಕನ್ನು ಚೀಟಿಯಲ್ಲಿ ಬರೆದು, ಬಾಲಕ್ಕೆ ಕೆಂಪು ಗೆರೆ ಎಳೆದು ಹಂಚುತ್ತಿದ್ದ.

"ಬಾಲ ಬಿಟ್ರೆ ನಾನು ಹೋದೆ ಕಣ್ಲಾ," ಅನ್ನೋನು.

ಕೂತಲ್ಲಿ ಕೂರೋ ಜೀವವೇ ಅಲ್ಲ. ಹರಾಜಿನ ದಿನ ಕೊಬ್ಬರಿ ಮಾರ್ಕೆಟ್ಟಿನಲ್ಲಿ, ಹೊರಟ ಬಸ್ಸಿನ ಕಿಟಕಿಯಲ್ಲಿ, ಕೊನೆಗೆ ತಿಥಿ ಊಟದ ಪಂಕ್ತಿಯಲ್ಲೂ ಚೀಟಿ! ನಡುನಡುವೆ ಸೈಬರ್‌ಗೆ ಓಡಿ ಎಷ್ಟು ಮಾರಾಟವಾಯಿತು ಅಂತ ನೋಡೋನು. ಸೊನ್ನೆ.

ಸೊನ್ನೆಯಾಗದೆ ಇನ್ನೇನು? ಕೊಬ್ಬರಿ ಮಾರುವಾಗಲೂ ಕೆಟ್ಟ ಗಿಟುಕನ್ನೇ ಮೊದಲು ತೋರಿಸೋ ಆಸಾಮಿ. ಪುಟದಲ್ಲೂ ಅದೇ ಚಾಳಿ: "ಈ ಟಾರ್ಚಿನ ಸ್ವಿಚ್ಚು ಹದಿನೈದು ದಿನಕ್ಕೆ ಕಿತ್ತು ಬರುತ್ತದೆ. ಬೇಕಾದವರು ಇಲ್ಲಿ ಒತ್ತಿ."

"ಸ್ವಲ್ಪ ಹೊಗಳಿ ಬರಿ ಮಾವ," ಅಂದೆ.

"ತಗೊಂಡೋನು ನಾಳೆ ಸಂತೇಲಿ ಎದುರಿಗೆ ಬಂದ್ರೆ ಮುಖ ಎಲ್ಲಿಟ್ಕೊಳ್ಳಲಿ?"

ಅಷ್ಟರಲ್ಲಿ ಅಂಗಡಿಯವರ ಇ-ಮೇಲ್ ಬಂತು. ತಿಂಗಳೊಳಗೆ ಒಂದಾದರೂ ಮಾರಾಟವಾಗದಿದ್ದರೆ ಖಾತೆ ರದ್ದು. ಮಾವ ಸರಿಯಾಗಿ ಉಣ್ಣೋದನ್ನೇ ಬಿಟ್ಟ. "ದುಡ್ಡು ಹಾಳಾಗ್ಲಿ ಬುಡು. ನನ್ನ ಮಾತು ನಂಬೋರು ಒಬ್ರೂ ಇಲ್ವಲ್ಲ," ಅಂದ. ಅವತ್ತು ನನಗೆ ನಗು ಬರಲಿಲ್ಲ.

ಕೊನೇ ವಾರ ಸೊನ್ನೆ ಹೋಗಿ ಒಂದಾಯಿತು. ಯಾರೋ ಆ ಟಾರ್ಚನ್ನೇ ಕೊಂಡಿದ್ದರು. ಬಸ್ಸಿನಲ್ಲಿ ಗುರುತಿಲ್ಲದವರಿಗೂ ಹೇಳಿಕೊಂಡು ಬಂದ ಮಾವ, ಅವತ್ತು ಎರಡು ಮುದ್ದೆ ಉಂಡ.

ಮುಂದಿನ ತಿಂಗಳು ಮಾವನ ಮನೆಗೆ ಹೋದಾಗ ಅತ್ತೆ ಒಲೆ ಮುಂದಿದ್ದರು. ರಾಗಿಹಿಟ್ಟು ತಗೊಂಬಾ ಅಂದರು. ಡಬ್ಬಿಗೆ ಕೈ ಹಾಕಿದರೆ ಟಾರ್ಚು ಸಿಕ್ಕಿತು. ಅತ್ತೆಗೆ ಆಗ ನೆನಪಾಗಿರಬೇಕು, ಓಡಿ ಬಂದರು.

"ನಿಮ್ಮ ಮಾವಂಗೆ ಹೇಳ್ಬೇಡ ಕಣಪ್ಪ. ಚೀಟಿನ ಸೈಬರ್‌ನೋರ ಕೈಗೆ ಕೊಟ್ಟು, ದಂಡಿನಶಿವರಕ್ಕೆ, ನಮ್ಮಣ್ಣನ ಮನೆಗೆ ತರಿಸ್ದೆ."

ಟಾರ್ಚನ್ನು ತಿರುಗಿಸಿ ನೋಡಿದೆ. ಸ್ವಿಚ್ಚು ಇದ್ದ ಜಾಗದಲ್ಲಿ ಬರೀ ತೂತು.

ಅತ್ತೆಯ ಮುಖ ಅರಳಿತು. "ನೋಡ್ದಾ? ಹದಿನೈದೇ ದಿನಕ್ಕೆ ಕಿತ್ಕೊಂಡು ಬಂತು. ನಿಮ್ಮ ಮಾವ ಸುಳ್ಳು ಬರೆಯೋರಲ್ಲ."