ಶರಾವತಿ ವರ್ಗದ ಯುದ್ಧನೌಕೆಗಳು

ಸಮುದ್ರವನ್ನೇ ಕಾಣದೆ ಯುದ್ಧನೌಕೆ ಕಟ್ಟಿದವರು ಲೋಕದಲ್ಲಿ ಬೇರೆ ಯಾರಿದ್ದಾರೋ ಗೊತ್ತಿಲ್ಲ, ನನ್ನ ಸೋದರತ್ತೆಯ ಗಂಡ ಮಾತ್ರ ಕಟ್ಟಿದರು! ‘ಕಾಣದೆ’ ಎಂದರೆ ಮಾವನಿಗೆ ಕೋಪ. ಆಗುಂಬೆಯಲ್ಲಿ ಸೂರ್ಯ ಮುಳುಗುವಾಗ ದೂರದಲ್ಲೊಂದು ಬೆಳ್ಳಿಗೆರೆ ಹೊಳೆದದ್ದನ್ನು ನೋಡಿದ್ದರಂತೆ. “ಅಷ್ಟು ಸಾಕು, ಮಿಕ್ಕಿದ್ದೆಲ್ಲ ಲೆಕ್ಕಾಚಾರ” ಎನ್ನುತ್ತಿದ್ದರು.

ಮಾವ ಸಾಗರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಹೊಸದಾಗಿ ಟೀಚರ್ ಕೆಲಸ ಸಿಕ್ಕಿದ ನಾನೂ ಅಲ್ಲೇ ಉಳಿದಿದ್ದೆ. ಅರವತ್ತೈದರಲ್ಲಿ ರೇಡಿಯೋ ಯುದ್ಧದ ಸುದ್ದಿ ಹೇಳಿದ್ದೇ ತಡ, ಮಾವನ ಮೈಮೇಲೆ ನೌಕಾಧಿಪತಿ ಬಂದುಬಿಟ್ಟ! ಲಿಂಗನಮಕ್ಕಿ ಅಣೆಕಟ್ಟು ಆಗಷ್ಟೇ ಎದ್ದಿತ್ತು, ಹಿನ್ನೀರು ಕಣ್ಣು ಹಾಯುವಷ್ಟು ದೂರ ಹರಡಿತ್ತು. ಅದನ್ನು ಕಾಯುವವರು ಯಾರು? ಶರಾವತಿ, ವರದಾ, ತುಂಗಾ ಎಂಬ ಮೂರು ನೌಕೆಗಳ ಒಂದು ವರ್ಗ! ಊಟದ ಮನೆಯ ಗೋಡೆಯ ತುಂಬ ನಕ್ಷೆಗಳು.

“ಅಲ್ರೀ, ವೈರಿ ಎಲ್ಲಿಂದ ಬರ್ತಾನೆ?” ಅತ್ತೆ ಕೇಳಿದರು.

“ಹೊನ್ನಾವರದಿಂದ, ಹೊಳೆ ಹಿಡಿದು.”

“ನಡುವೆ ಜೋಗ ಇದ್ಯಲ್ರೀ! ಹತ್ತಿ ಬರ್ತಾನಾ?”

ಮಾವ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದರು. “ಹತ್ತಿ ಬಂದ ಅಂದ್ರೆ ಭಾರಿ ಗಟ್ಟಿ ವೈರಿ. ತೋಪು ದೊಡ್ಡದೇ ಬೇಕು!”

ಮಾದರಿ ನೌಕೆಯ ಪರೀಕ್ಷೆ ಬಚ್ಚಲಿನ ಹಂಡೆಯಲ್ಲಿ ನಡೆಯಿತು. ಬಿಟ್ಟ ಕೂಡಲೇ ಗುಳುಂ!

“ಮುಳುಗೇ ಹೋಯ್ತು!” ಎಂದರು ಅತ್ತೆ.

“ನಿಂಗೊತ್ತಿಲ್ಲ ಕಣೇ, ಇದು ಜಲಾಂತರ್ಗಾಮಿ!”

ಕೊನೆಗೆ, ತುಂಗೆಯಲ್ಲಿ ದೋಣಿ ಕಟ್ಟಿ ಪಳಗಿದ ಆಚಾರಿಯೊಬ್ಬರನ್ನು ತೀರ್ಥಹಳ್ಳಿಯಿಂದ ಕರೆತಂದರು. ದೊಡ್ಡ ದೋಣಿಯೇನೋ ಆಯಿತು. ಅದರ ನಟ್ಟನಡುವೆ ತೋಪಿಗೊಂದು ಅಟ್ಟ, ಅಟ್ಟದ ಮೇಲೆ ತೋಪೆಂಬ ಹಳೆಯ ಕಬ್ಬಿಣದ ಪೈಪು!

“ಮೇಷ್ಟ್ರೇ, ಜನ ಕೂರೋದೆಲ್ಲಿ?”

“ಕೂರೋಕಲ್ಲ ಆಚಾರ್ರೇ, ಯುದ್ಧ ಮಾಡೋಕೆ!”

ನೌಕೆಯನ್ನು ನೀರಿಗಿಳಿಸಲು ಹಿನ್ನೀರಿನ ದಡದ ಹೊನ್ನೆಮರಡಿನಲ್ಲಿ ಸೇರಿದೆವು. ಮಾವ ತೆಂಗಿನಕಾಯಿ ಎತ್ತಿದ್ದರು. ಅಷ್ಟರಲ್ಲಿ ಆಚೆ ದಡದಿಂದ ಒಬ್ಬಾತ ಪುಟ್ಟ ದೋಣಿಯಲ್ಲಿ ಏದುಸಿರು ಬಿಡುತ್ತ ಬಂದ.

“ಅಯ್ಯಾ, ನನ್ನ ಹೆಂಡ್ತಿಗೆ ನಿನ್ನೆಯಿಂದ ಬೇನೆ. ಹೆರಿಗೆ ಆಗ್ತಾ ಇಲ್ಲ. ಆಸ್ಪತ್ರೆಗೆ ಹಾಕ್ಬೇಕು, ಈ ದೋಣೀಲಿ ಮಲಗ್ಸೋಕಾಗಲ್ಲ...”

ಎಲ್ಲರೂ ದೊಡ್ಡ ದೋಣಿಯತ್ತ ನೋಡಿದೆವು. ಅಲ್ಲೂ ಮಲಗಿಸಲು ಜಾಗವೆಲ್ಲಿ? ನಡುವೆ ಅಟ್ಟ!

“ಆಚಾರ್ರೇ, ಕೊಡಲಿ ಕೊಡಿ!”

ಮೊದಲ ಏಟು ಮಾವನೇ ಹಾಕಿದರು. ಅಟ್ಟ ಮುರಿದು ಪೈಪು ಧಡಾರನೆ ನೀರಿಗೆ ಬಿತ್ತು. ಆ ತೋಪು ಮಾಡಿದ ಸದ್ದು ಅದೊಂದೇ!

“ಮೇಷ್ಟ್ರೇ, ಇನ್ನೆರಡು ನೌಕೆ?” ಆಚಾರಿ ಕೇಳಿದರು.

“ರದ್ದು! ಇಡೀ ವರ್ಗವೇ ರದ್ದು! ಹುಟ್ಟು ಹಾಕ್ರೋ ಬೇಗ!”

ಅತ್ತೆಯೂ ದೋಣಿ ಹತ್ತಿದರು. ಆಚೆ ದಡದಿಂದ ಆ ಬಸುರಿಯನ್ನು ಮಲಗಿಸಿಕೊಂಡು ಬಂದರು. ಈಚೆ ದಡದಲ್ಲಿ ಮರ ಸಾಗಿಸುವ ಲಾರಿಯೊಂದು ಸಿಕ್ಕಿತು. ಸಾಗರದ ಆಸ್ಪತ್ರೆಯ ಹೊರಗೆ ಮಾವ ಒಂದು ಕಡೆ ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಒಳಗಿನಿಂದ ಕೂಸಿನ ಅಳು ಕೇಳಿತು. ಆಕೆಯ ಗಂಡ ಓಡಿಬಂದು, “ಇಬ್ರೂ ಉಳಿದ್ರು!” ಎಂದ.

ಮಾವ ಮೆಟ್ಟಿಲ ಮೇಲೆ ಕುಸಿದು ಕುಳಿತು, ಮುಖ ಮುಚ್ಚಿಕೊಂಡು ಅತ್ತರು. ಅತ್ತೆ ಪಕ್ಕದಲ್ಲಿ ಕೂತರು.

“ಹೊಸನಗರದಲ್ಲಿ ಅವತ್ತು ನಮಗೂ ಒಂದು ದೋಣಿ ಸಿಕ್ಕಿದ್ರೆ...” ಎಂದರು ಮಾವ.

ಹಿಂದೆ ಹೊಸನಗರದಲ್ಲಿದ್ದಾಗ, ಅತ್ತೆಯ ಹೆರಿಗೆಯ ಹೊತ್ತಿನಲ್ಲಿ ನೆರೆಬಂದ ಹೊಳೆ ದಾಟಲಾಗದೆ ಅವರು ತಮ್ಮ ಕೂಸನ್ನು ಕಳೆದುಕೊಂಡಿದ್ದರೆಂದು ನನಗೆ ಗೊತ್ತಾದದ್ದು ಅಂದೇ.

ಅತ್ತೆ ಸೆರಗಿನಿಂದ ಅವರ ಕಣ್ಣೊರೆಸಿದರು. “ಏಳಿ, ಕೂಸನ್ನ ನೋಡಿ ಬರೋಣ” ಎಂದು ಕೈ ಹಿಡಿದು ಎಬ್ಬಿಸಿದರು.